ಹಿಂದಕ್ಕೆ ಹಾರಿದ ಪಾರಿವಾಳಗಳು

ಹತ್ತೊಂಬತ್ತು ವರ್ಷ ನನ್ನ ಪಬ್ಬಿನಲ್ಲಿ ಗುರುವಾರ ಹೆಡ್ಲಿ ಪೇಸಿಯದಾಗಿತ್ತು, ಮಂಗಳವಾರ ವಿಲ್ಫ್ ಟಾಯ್ನ್‌ನದು. ನಾನೇನೂ ಬೋರ್ಡು ಬರೆದು ತಗುಲಿಹಾಕಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಬಾರದೆಂದು ಅವರೇ ವಾರವನ್ನು ಹಂಚಿಕೊಂಡಿದ್ದರು. ಇಬ್ಬರ ಮನೆಯೂ ಒಂದೇ ಬೀದಿಯಲ್ಲಿ, ನಡುವೆ ನಾಲ್ಕೇ ಬಾಗಿಲು. ಒಬ್ಬ ಕಸದ ಡಬ್ಬಿ ಹೊರಗಿಡಲು ಬಂದರೆ ಅವನು ಒಳಗೆ ಹೋಗುವವರೆಗೂ ಇನ್ನೊಬ್ಬ ಪರದೆಯ ಹಿಂದೆ ನಿಂತು ಕಾಯುತ್ತಿದ್ದ. ಎಪ್ಪತ್ತು ದಾಟಿದ ಗಂಡಸರು ಹೀಗೆ ಆಡುವುದನ್ನು ನೋಡಿ ಇಬ್ಬರ ತಲೆಯನ್ನೂ ಹಿಡಿದು ಡಿಕ್ಕಿ ಹೊಡೆಸಬೇಕು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಆದರೆ ಆ ಜಗಳದಲ್ಲಿ ನನ್ನ ಪಾಲೂ ಇತ್ತು. ಹಾಗಾಗಿ ಬಾಯಿ ಮುಚ್ಚಿಕೊಂಡಿದ್ದೆ.

ಹೆಡ್ಲಿ ನಲವತ್ತೊಂದು ವರ್ಷ ಕಾಲುವೆಗಳ ಹೂಳೆತ್ತುವ ಯಂತ್ರ ಓಡಿಸಿದವನು. ಲಿಂಕನ್‌ಶೈರಿನ ಈ ತಗ್ಗು ಹೊಲಗಳಲ್ಲಿ ನಾವು ಕಾಲು ಒಣಗಿಸಿಕೊಂಡು ಓಡಾಡುತ್ತಿದ್ದರೆ ಅದು ಅಂಥವರಿಂದ. ಮಾತು ಕಡಿಮೆ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸವಂತೂ ಇಲ್ಲವೇ ಇಲ್ಲ. ಹೆಂಡತಿ ಏವಿಸ್ ಬದುಕಿದ್ದಷ್ಟು ದಿನ ಅವನ ಪರವಾಗಿ ಊರಲ್ಲೆಲ್ಲ ಅವಳೇ ಕ್ಷಮೆ ಕೇಳಿಕೊಂಡು ಬರುತ್ತಿದ್ದಳು.

ಅವನು ಬಾಯಿ ಬಿಡುತ್ತಿದ್ದದ್ದು ಒಂದೇ ವಿಷಯಕ್ಕೆ, ಪಾರಿವಾಳಕ್ಕೆ. ಬಟಾಣಿ ಕಾಯಿ ಕಟ್ಟುವ ಹೊತ್ತಿಗೆ ಇಲ್ಲಿ ಕಾಡುಪಾರಿವಾಳಗಳು ನೂರುಗಟ್ಟಲೆ ಬಂದು ಇಳಿಯುತ್ತವೆ. ಎರಡು ದಿನ ಸುಮ್ಮನಿದ್ದರೆ ಹೊಲದ ಒಂದು ಮೂಲೆ ಬೋಳು. ಆಗ ರೈತರು ಹೆಡ್ಲಿಗೆ ಫೋನ್ ಮಾಡುತ್ತಾರೆ. ಹೆಡ್ಲಿ ಬಂದೂಕು ಮುಟ್ಟುವ ಮೊದಲು ಒಂದು ದಿನವಿಡೀ ಕಾರಿನಲ್ಲಿ ಚಹಾದ ಫ್ಲಾಸ್ಕ್ ಇಟ್ಟುಕೊಂಡು ಕೂರುತ್ತಾನೆ. ಹಕ್ಕಿ ಯಾವ ತೋಪಿನಿಂದ ಏಳುತ್ತದೆ, ಯಾವ ಬೇಲಿಯ ಮೇಲಿಂದ ಬರುತ್ತದೆ, ಎಲ್ಲಿ ಇಳಿಯುತ್ತದೆ, ಎಲ್ಲ ನೋಡುತ್ತಾನೆ. ಮರುದಿನ ಅಲ್ಲೇ ಬಲೆಯ ಮರೆ ಕಟ್ಟಿ, ಮುಂದೆ ದೀಮದ ಹಕ್ಕಿಗಳನ್ನು ಇಡುತ್ತಾನೆ. ದೀಮವೆಂದರೆ ಬೇರೇನಲ್ಲ, ಹಿಂದಿನ ಬೇಟೆಯ ಸತ್ತ ಪಾರಿವಾಳಗಳೇ. ಮೇಯುತ್ತಿರುವಂತೆ ಕೂರಿಸಿಟ್ಟರೆ ಮೇಲಿನವು ನಂಬಿ ಇಳಿಯುತ್ತವೆ. ಎಲ್ಲದರ ತಲೆಯೂ ಗಾಳಿಗೆ ಎದುರಾಗಿರಬೇಕು, ಕುದುರೆ ಲಾಳದ ಹಾಗೆ ಸುತ್ತ ಇಟ್ಟು ನಡುವೆ ಇಳಿಯಲು ಜಾಗ ಬಿಡಬೇಕು. ಒಂದೇ ಒಂದು ಪುಕ್ಕ ಮಗುಚಿ ಒಳಗಿನ ಬಿಳುಪು ಕಂಡರೂ ಎದ್ದು ಹೋಗಿ ಸರಿ ಮಾಡಿ ಬರುತ್ತಾನೆ. ನನ್ನ ಪಾರಿವಾಳದ ಪೈಗೆ ಮಾಂಸ ಬರುವುದು ಅವನ ಈ ಹಟದಿಂದಲೇ.

ವಿಲ್ಫ್ ಇನ್ನೊಂದು ಜಾತಿ. ಗ್ಯಾರೇಜಿನ ಮೆಕ್ಯಾನಿಕ್ಕು, ವಟವಟ ಮಾತು, ಕೈಗೆ ಸಿಕ್ಕಿದ್ದನ್ನು ಬಿಚ್ಚಿ ಜೋಡಿಸದೆ ನಿದ್ದೆ ಬಾರದವನು. ಇವರಿಬ್ಬರೂ ಮೂವತ್ತು ವರ್ಷ ಒಂದೇ ಮರೆಯಲ್ಲಿ ಕೂತು, ಒಂದೇ ಫ್ಲಾಸ್ಕಿನಿಂದ ಚಹಾ ಕುಡಿದವರು.

ಜಗಳವಾದ ವರ್ಷ ಪಾರಿವಾಳ ಹೊಡೆಯುವವರ ನಡುವೆ ಆಗ ತಾನೇ ತಿರುಗುವ ದೀಮದ ಸುದ್ದಿ ಹಬ್ಬಿತ್ತು. ಅಂಗಡಿಯದು ದುಬಾರಿ ಅಂತ ವಿಲ್ಫ್ ತಾನೇ ಒಂದು ಮಾಡಿದ. ಗುಜರಿ ಕಾರಿನ ವೈಪರ್ ಮೋಟಾರು, ಅದರ ಮೇಲೆ ಎರಡು ಉದ್ದನೆಯ ಕಂಬಿ, ಒಂದೊಂದು ಕಂಬಿಯ ತುದಿಗೂ ರೆಕ್ಕೆ ಬಿಚ್ಚಿದ ಒಂದು ಸತ್ತ ಪಾರಿವಾಳ, ಕೆಳಗೆ ಕಾರಿನ ಬ್ಯಾಟರಿ. ತಿರುಗಿದರೆ ಎರಡು ಹಕ್ಕಿ ಸುತ್ತು ಹೊಡೆದು ಇಳಿಯುತ್ತಿರುವಂತೆ ದೂರಕ್ಕೆ ಕಾಣಬೇಕು. ಅಂಗಳದಲ್ಲಿ ಓಡಿಸಿ ನೋಡಿ, ಕುಣಿದಾಡಿದ್ದನಂತೆ. ಅಷ್ಟರಲ್ಲಿ ಹರ್ನಿಯಾ ಅಂತ ಆಸ್ಪತ್ರೆ ಸೇರಿದ. ಅದೇ ವಾರ ಮಳೆಗಾಳಿಗೆ ಬಾರ್ಲಿ ಮಲಗಿ, ಪಾರಿವಾಳ ಕವಿದವು. ವಿಲ್ಫ್ ಹಾಸಿಗೆಯಿಂದಲೇ ಹೇಳಿ ಕಳಿಸಿದ: ಕೆಂಪು ಟೇಪು ಸುತ್ತಿದ ಕ್ಲಿಪ್ಪು ಪ್ಲಸ್ಸಿಗೆ, ಕಪ್ಪು ಟೇಪಿನದು ಮೈನಸ್ಸಿಗೆ.

ಹೆಡ್ಲಿ ಒಬ್ಬನೇ ಹೋದ. ಹೇಳಿದ ಹಾಗೇ ಮಾಡಿದ. ಗುಂಡಿ ಒತ್ತಿದರೆ ಎರಡೂ ಪಾರಿವಾಳ ಬಾಲ ಮುಂದೆ ಮಾಡಿಕೊಂಡು ಹಿಂದಕ್ಕೆ ಹಾರಲು ಶುರು ಮಾಡಿದವು. ಬೇರೆ ಯಾರಾದರೂ ಆಗಿದ್ದರೆ ಕ್ಲಿಪ್ಪು ಅದಲುಬದಲು ಮಾಡಿ ನೋಡುತ್ತಿದ್ದರು. ಕೆಂಪನ್ನು ಪ್ಲಸ್ಸಿಗೇ ಹಾಕಿದ್ದೇನೆ ಅಂದಮೇಲೆ ತಪ್ಪು ಯಂತ್ರದ್ದೇ ಎನ್ನುವ ಪೈಕಿ ಹೆಡ್ಲಿ. ಆ ಹೊಲಕ್ಕೆ ಬರುತ್ತಿದ್ದ ಹಕ್ಕಿಗಳೆಲ್ಲ ಅದನ್ನು ಕಂಡು ಆಕಾಶದಲ್ಲೇ ತಿರುಗಿ ಪಕ್ಕದೂರಿಗೆ ಹೋದವು. ಇಡೀ ದಿನಕ್ಕೆ ಸಿಕ್ಕಿದ್ದು ಮೂರು.

ಆ ಸಂಜೆ ಅವನು ಪಬ್ಬಿಗೆ ಬಂದು, ನಗದೆ, ಗಂಭೀರವಾಗಿ, "ವಿಲ್ಫ್ ಸಾಕಿದ ಪಾರಿವಾಳ ಕುಂಡೆ ಮುಂದೆ ಮಾಡ್ಕೊಂಡ್ ಹಾರ್ತವೆ" ಅಂದ. ಜನ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಅಷ್ಟಕ್ಕೇ ಬಿಡದೆ ಬಾಗಿಲ ಬಳಿಯ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ, "ಇಂದಿನ ವಿಶೇಷ: ಹಿಂದಕ್ಕೆ ಹಾರಿದ ಪಾರಿವಾಳದ ಪೈ" ಎಂದು ಬರೆದೆ. ಹತ್ತು ದಿನ ಕಳೆದು ವಿಲ್ಫ್ ಹೊಟ್ಟೆ ಹಿಡಿದುಕೊಂಡು ನಿಧಾನವಾಗಿ ನಡೆದು ಬಂದಾಗಲೂ ಅದು ಅಲ್ಲೇ ಇತ್ತು. ಅವನು ನಿಂತು ಓದಿದ, ಬಿಯರ್ ತೆಗೆದುಕೊಂಡು ಹೆಡ್ಲಿ ಕೂತಿದ್ದ ಮೇಜಿಗೆ ಬಂದ.

"ಬ್ಯಾಟ್ರಿ ಉಲ್ಟಾ ಕೊಟ್ಟಿದೀಯ ಕಣೋ," ಅಂದ ಹೆಡ್ಲಿಗೆ.

"ಕೆಂಪು ಪ್ಲಸ್ಸಿಗೇ ಕೊಟ್ಟಿದೀನಿ. ನಾನೇನ್ ಮಗೂನಾ?"

"ಹಂಗ್ ಕೊಟ್ಟಿದ್ರೆ ಅದು ಹಿಂದಕ್ ಹೋಗಕ್ಕೆ ಸಾಧ್ಯಾನೇ ಇಲ್ಲ. ನನ್ ಅಂಗಳದಲ್ಲಿ ಓಡಿಸಿ ನೋಡೇ ಕೊಟ್ಟಿದ್ದು."

"ಹೋಗಿದ್ದನ್ನ ಕಣ್ಣಾರೆ ನೋಡ್ದೋನು ನಾನು."

"ಅಂದ್ರೆ ನಾನ್ ಸುಳ್ಳು ಹೇಳ್ತಿದೀನಾ?"

"ಮತ್ತೆ ನಾನಾ?"

ವಿಲ್ಫ್ ಅರ್ಧ ಗ್ಲಾಸು ಬಿಯರ್ ಹಾಗೇ ಬಿಟ್ಟು ಹೊರಟುಹೋದ. ಯಂತ್ರ ಹೆಡ್ಲಿಯ ಶೆಡ್ಡಿನಲ್ಲೇ ಉಳಿಯಿತು. ವಾಪಸು ಕೇಳುವುದು ಅವನಿಗೆ ಅವಮಾನ, ವಾಪಸು ಕೊಡುವುದು ಇವನಿಗೆ ಅವಮಾನ. ತಿರುಗುವ ದೀಮ ಪ್ರಯೋಜನಕ್ಕೆ ಬರುತ್ತದೋ ಇಲ್ಲವೋ ಅಂತ ಯಾರಾದರೂ ಕೇಳಿದರೆ ಮಂಗಳವಾರ ಒಂದು ಉತ್ತರ, ಗುರುವಾರ ಇನ್ನೊಂದು. ಹಲಗೆಯನ್ನು ನಾನು ಆ ರಾತ್ರಿಯೇ ಒರೆಸಿದೆ. ಒರೆಸಿ ಏನು ಬಂತು?

ಈಗ ಎರಡು ವರ್ಷದ ಹಿಂದಿನ ಜುಲೈಗೆ ಬರುತ್ತೇನೆ. ವಿಲ್ಫ್‌ನ ಕೈ ನಡುಗಲು ಶುರುವಾಗಿತ್ತು. ಸ್ಕ್ರೂ ಹಿಡಿಯಲಾಗದ ಮೇಲೆ ಈ ಊರಲ್ಲಿ ತನಗೇನು ಕೆಲಸ ಅಂತ ಮನೆ ಮಾರಿದ. ಮೇಬಲ್‌ಥಾರ್ಪ್‌ನಲ್ಲಿ, ಸಮುದ್ರದ ದಂಡೆಯಲ್ಲಿ, ತಂಗಿಯ ಮನೆ, ಇನ್ನು ಅಲ್ಲೇ ಇರುವುದು. ಶನಿವಾರ ಬೆಳಿಗ್ಗೆ ಹತ್ತಕ್ಕೆ ಸಾಮಾನಿನ ಗಾಡಿ ಬರುವುದೆಂದು ಊರಿಗೆಲ್ಲ ಗೊತ್ತಿತ್ತು. ಹೆಡ್ಲಿಗೂ ಗೊತ್ತಿತ್ತು. ಆ ಗುರುವಾರ ಮಧ್ಯಾಹ್ನ ಅವನು ಬಂದು ಕೂತಾಗ ನಾನು ಬೇಕಂತಲೇ, "ಶನಿವಾರ ಹೋಗ್ತಾನಂತೆ" ಅಂದೆ.

"ಯಾರು?" ಅಂದ.

"ಪಾದ್ರಿ," ಅಂದೆ ಸಿಟ್ಟಿನಲ್ಲಿ. ಅವನು ಸಾಸೇಜು, ಚಿಪ್ಸು ಹೇಳಿ ಕಿಟಕಿಯ ಆಚೆ ನೋಡುತ್ತ ಕೂತ. ಒಂದು ಕಾಲಿಗೆ ಹಸಿರು ಕಾಲುಚೀಲ, ಇನ್ನೊಂದಕ್ಕೆ ಕಂದು. ಏವಿಸ್ ಹೋದಮೇಲೆ ದಿನಾ ಹೀಗೆಯೇ. ಹೇಳುವವರಿಲ್ಲದೆ ಹೀಗಾಗಿದ್ದಾನೆ ಅಂದುಕೊಂಡಿದ್ದೆ.

ಅವನು ಸಾಸೇಜಿನ ಮೇಲೆ ಸಾಸಿನ ಬಾಟಲಿ ಹಿಂಡಿ, ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿದ.

"ಬೆರಿಲ್, ಬ್ರೌನ್ ಸಾಸಿನ ಬಾಟ್ಲಿಗೆ ಟೊಮ್ಯಾಟೊ ಸಾಸ್ ತುಂಬಿದೀಯಲ್ಲೇ ಮಾರಾಯ್ತಿ."

"ಅದು ಟೊಮ್ಯಾಟೊ ಬಾಟ್ಲೀನೇ."

"ಬ್ರೌನ್ ಯಾವಾಗ್ಲೂ ಎಡಗಡೆ ಇರ್ತಿತ್ತಲ್ಲ."

"ಇವತ್ತು ಮೇಜು ಒರೆಸಿ ಬಲಗಡೆ ಇಟ್ಟಿದೀನಿ. ಕಣ್ ಕಾಣಲ್ವಾ? ಒಂದು ಕೆಂಪು, ಒಂದು ಕಂದು."

ಅವನು ಎರಡೂ ಬಾಟಲಿ ಎತ್ತಿ ಬೆಳಕಿಗೆ ಹಿಡಿದ. ಬಹಳ ಹೊತ್ತು ನೋಡಿದ. "ಎರಡೂ ಒಂದೇ ಥರ ಇವೆಯಲ್ಲ," ಅಂದ. ತಮಾಷೆ ಮಾಡುತ್ತಿಲ್ಲ ಎಂದು ಆ ದನಿಯಲ್ಲೇ ತಿಳಿಯಿತು.

ನನಗೆ ವಿಲ್ಫ್‌ನ ಟೇಪು ನೆನಪಾಯಿತು. ಹೊರಗೆ ಹೋಗಿ ನನ್ನ ಕಾರಿನ ಡಿಕ್ಕಿಯಿಂದ ಬ್ಯಾಟರಿಗೆ ಹಾಕುವ ಜಂಪ್ ವೈರು ತಂದೆ. ಒಂದು ತುದಿಯ ಎರಡು ಕ್ಲಿಪ್ಪನ್ನೂ ಅವನ ತಟ್ಟೆಯ ಪಕ್ಕ ಇಟ್ಟೆ.

"ಇದರಲ್ಲಿ ಕೆಂಪು ಯಾವುದು ಹೇಳು."

"ಇದು," ಅಂದ, ಒಂದನ್ನು ಮುಟ್ಟಿ. "ಸ್ವಲ್ಪ ಮಾಸಿದೆಯಲ್ಲ, ಇದು."

ಅವನು ಮುಟ್ಟಿದ್ದು ಕಪ್ಪು. ನನ್ನ ಕಾರಿನ ಧೂಳು ಮೆತ್ತಿಕೊಂಡು ಬೆಳ್ಳಗಾಗಿತ್ತು. ನನ್ನ ಮುಖ ನೋಡಿಯೇ ಅವನಿಗೆ ಗೊತ್ತಾಯಿತು. ಅವನ ಕೈ ಆ ಕ್ಲಿಪ್ಪಿನ ಮೇಲೆ ಹಾಗೇ ನಿಂತುಬಿಟ್ಟಿತು.

"ಏವಿಸ್ ಅಂತಿದ್ಲು," ಅಂದ ಆಮೇಲೆ. "ನಿಂಗೆ ಬಣ್ಣ ಗೊತ್ತಾಗಲ್ಲ ಕಣೋ ಅಂತ. ಗಂಡಸ್ರಿಗೆ ಯಾರಿಗೂ ಗೊತ್ತಾಗಲ್ಲ ಅಂತಿದ್ದೆ ನಾನು." ಕ್ಲಿಪ್ಪನ್ನು ಬೆರಳಲ್ಲಿ ತಿರುಗಿಸುತ್ತ, "ಅವನ ಟೇಪೂ ಹಿಂಗೇ ಇತ್ತು. ಒಂದು ಮಾಸಿದ್ದು, ಒಂದು ಹೊಸದು. ಮಾಸಿದ್ದೇ ಕೆಂಪು ಅಂದ್ಕೊಂಡೆ."

ಸಾಸೇಜು ತಣ್ಣಗಾಯಿತು. ಇಬ್ಬರೂ ನಿಜವನ್ನೇ ಹೇಳಿದ್ದರು. ಹತ್ತೊಂಬತ್ತು ವರ್ಷ ಇಬ್ಬರೂ ನಿಜ ಹೇಳಿಕೊಂಡೇ ಹಾಳಾಗಿದ್ದರು. ಹಲಗೆಯ ಮೇಲೆ ಬರೆದ ನನ್ನ ಕೈಯನ್ನು ಕತ್ತರಿಸಿ ಹಾಕಬೇಕು ಅನ್ನಿಸುವಷ್ಟು ನಾಚಿಕೆಯಾಯಿತು ನನಗೆ.

"ಹೋಗಿ ಹೇಳು," ಅಂದೆ.

"ಏನಂತ?"

"ನಿನ್ನದೇ ತಪ್ಪು ಅಂತ."

ಅವನು ಕೋಟು ತೆಗೆದುಕೊಂಡು ಹೊರಟ. ವಿಲ್ಫ್‌ನ ಮನೆಯ ಕಡೆಗಲ್ಲ, ತನ್ನ ಮನೆಗೆ. ಆ ಸಂಜೆ ಎರಡು ಸಲ ವಿಲ್ಫ್‌ನ ಬಾಗಿಲವರೆಗೆ ಬಂದು, ಬೂಟಿನ ದಾರ ಕಟ್ಟುವವನ ಹಾಗೆ ಬಗ್ಗಿ, ವಾಪಸು ಹೋದನಂತೆ. ಎದುರುಮನೆಯವಳು ಎಣಿಸಿ ಹೇಳಿದಳು. ಅವನ ಬೂಟಿಗೆ ದಾರವೇ ಇಲ್ಲ.

ಶುಕ್ರವಾರ ಮಧ್ಯಾಹ್ನ ಪಬ್ಬು ಮುಚ್ಚಿದ ಮೇಲೆ ನಾನು ವಿಲ್ಫ್‌ನ ಅಡುಗೆಮನೆಯಲ್ಲಿ ಕಪ್ಪುಬಸಿಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ ಡಬ್ಬಕ್ಕೆ ತುಂಬುತ್ತಿದ್ದೆ. ಅವನ ಕೈಗೆ ಕೊಟ್ಟರೆ ಎಲ್ಲ ಚೂರಾಗುತ್ತಿದ್ದವು. ಹೇಳಿಬಿಡೋಣ ಅಂತ ನಾಲಿಗೆಯ ತುದಿಗೆ ಬಂದಿದ್ದನ್ನು ಹತ್ತು ಸಲ ನುಂಗಿದೆ. ಅದು ನಾನು ಹೇಳುವ ಮಾತಲ್ಲ. ನಾಳೆ ಹತ್ತು ಗಂಟೆಗೆ ಗಾಡಿ ಬಂದುಬಿಟ್ಟರೆ ಹೆಡ್ಲಿ ಅದನ್ನು ಎಂದೂ ಹೇಳುವವನಲ್ಲ ಅಂತಲೂ ಗೊತ್ತಿತ್ತು.

ನಾಲ್ಕು ಗಂಟೆಗೆ ಹಿಂಬಾಗಿಲು ತಟ್ಟಿದ ಸದ್ದಾಯಿತು. ನಮ್ಮಲ್ಲಿ ಮುಂಬಾಗಿಲು ತೆರೆಯುವುದು ಹೆಣ ಹೊರಡುವಾಗ ಮಾತ್ರ. ವಿಲ್ಫ್ ಹೋಗಿ ತೆಗೆದ. ಹೊಸ್ತಿಲಾಚೆ ಹೆಡ್ಲಿ ನಿಂತಿದ್ದ. ಕಾಲ ಬಳಿ ಬ್ಯಾಟರಿ, ಕಂಕುಳಲ್ಲಿ ಆ ತುಕ್ಕು ಹಿಡಿದ ಯಂತ್ರ, ಕೈಯಲ್ಲಿ ಅದರ ಎರಡು ವೈರು. ಇಬ್ಬರೂ ಒಬ್ಬರನ್ನೊಬ್ಬರು ಅಷ್ಟು ಹತ್ತಿರದಿಂದ ನೋಡಿ ಎಷ್ಟು ವರ್ಷವಾಗಿತ್ತೋ. ಹೆಡ್ಲಿ ವೈರುಗಳನ್ನು ಮುಂದೆ ಚಾಚಿದ.

"ಇದರಲ್ಲಿ ಕೆಂಪು ಯಾವುದೋ?"

ವಿಲ್ಫ್‌ಗೆ ಮೊದಲು ರೇಗಿತು. "ಅಣಕಿಸಕ್ಕೆ ಬಂದಿದೀಯಾ? ಕಣ್ಣೆದುರಿಗೇ ಇದೆಯಲ್ಲೋ."

"ಇರಬೋದು. ನಂಗ್ ಕಾಣಲ್ಲ."

"ಕಾಣಲ್ಲ ಅಂದ್ರೆ?"

"ಕಾಣಲ್ಲ ಅಂದ್ರೆ ಕಾಣಲ್ಲ ಕಣೋ. ಕೆಂಪೂ ಕಪ್ಪೂ ನಂಗೆ ಒಂದೇ. ನಿನ್ನೆ ಗೊತ್ತಾಯ್ತು."

ವಿಲ್ಫ್ ವೈರು ನೋಡಿದ, ಅವನ ಮುಖ ನೋಡಿದ, ಮತ್ತೆ ವೈರು ನೋಡಿದ. ಮೆಕ್ಯಾನಿಕ್ಕಲ್ಲವೇ, ಮಿಕ್ಕಿದ್ದನ್ನು ತಾನೇ ಜೋಡಿಸಿಕೊಂಡ. ವೈರುಗಳನ್ನು ಅವನ ಕೈಯಿಂದ ತೆಗೆದುಕೊಂಡ.

"ನೀನು ಮಾಡಿದ್ದು ಸರಿಯಾಗೇ ಇತ್ತು," ಅಂದ ಹೆಡ್ಲಿ. ಆ ಮಾತು ಅವನ ಗಂಟಲಿನಿಂದ ಹೂಳಿನಲ್ಲಿ ಸಿಕ್ಕಿಕೊಂಡ ಬಕೆಟ್ಟು ಬಂದ ಹಾಗೆ ಬಂತು.

ನಾನು ಕಪ್ಪುಬಸಿ ಸುತ್ತುತ್ತಿದ್ದವಳು ಅಲ್ಲೇ ಅತ್ತುಬಿಟ್ಟೆ. ಅವರು ಅಳಲಿಲ್ಲ. ವಿಲ್ಫ್ ಮೂಗೊರೆಸಿಕೊಂಡು, "ಹತ್ತೊಂಬತ್ತು ವರ್ಷ ಎಣ್ಣೆ ಕಾಣಿಸಿಲ್ಲ ಇದಕ್ಕೆ, ಕತ್ತೆ" ಅಂತ ಬೈದ. "ಬಟಾಣಿ ಹೊಲದಲ್ಲಿ ಹಕ್ಕಿ ಇವೆಯಾ?"

"ನೂರೈವತ್ತು. ನಿನ್ನೆ ಸಂಜೆ ಕೂತು ನೋಡಿದೀನಿ."

"ಮತ್ತೆ ನಿಂತಿದೀಯ ಯಾಕೆ?"

ಪೆಟ್ಟಿಗೆಗಳನ್ನೆಲ್ಲ ಅಲ್ಲೇ ಬಿಟ್ಟು ಮೂವರೂ ಹೊರಟೆವು. ಹೆಡ್ಲಿಯ ಫ್ರೀಜರಿನಲ್ಲಿದ್ದ ಹಕ್ಕಿಗಳನ್ನು ದೀಮಕ್ಕಿಟ್ಟು, ಎರಡನ್ನು ಕಂಬಿಗೆ ಕಟ್ಟಿದೆವು. ವಿಲ್ಫ್ ಮೋಟಾರಿಗೆ ಎಣ್ಣೆ ಬಿಟ್ಟ, ನಡುಗುವ ಕೈಯಲ್ಲೇ ಕ್ಲಿಪ್ಪು ಹಾಕಿದ, ನಾನು ಬ್ಯಾಟರಿ ಹಿಡಿದುಕೊಂಡೆ. ಗುಂಡಿಯನ್ನು ಉದ್ದನೆಯ ವೈರಿನಲ್ಲಿ ಮರೆಯವರೆಗೂ ಎಳೆದುಕೊಂಡು ಕೂತೆವು. ವಿಲ್ಫ್ ಒತ್ತಿದ. ಎರಡೂ ಪಾರಿವಾಳ ಕಿರ್ ಅಂತ ಒಂದು ಕ್ಷಣ ತಡೆದು, ಕೊಕ್ಕು ಮುಂದೆ ಮಾಡಿ ಹಾರಿದವು. ಹೆಡ್ಲಿ ಅದನ್ನು ನೋಡುತ್ತ ಬಂದೂಕಿಗೆ ತೋಟಾ ತುಂಬುವುದನ್ನೇ ಮರೆತ.

ದೂರದ ಪಾಪ್ಲರ್ ಮರಗಳ ಸಾಲಿನಿಂದ ಎದ್ದ ನಾಲ್ಕು ಹಕ್ಕಿ, ಪಕ್ಕದ ಹೊಲಕ್ಕೆ ಹೋಗುತ್ತಿದ್ದವು, ಇತ್ತ ತಿರುಗಿದವು. "ನೋಡ್ದಾ," ಅಂದ ವಿಲ್ಫ್. ಆದರೆ ಹತ್ತಿರ ಬಂದದ್ದೇ, ಆ ಸುತ್ತು ಹೊಡೆತ ಕಂಡು, ಗಾಬರಿಯಿಂದ ಮೇಲಕ್ಕೆ ಚಿಮ್ಮಿ ಹೋದವು. "ನೋಡ್ದಾ," ಅಂದ ಹೆಡ್ಲಿ. ಎರಡನೆಯ ಗುಂಪಿಗೂ ಹಾಗೇ ಆಯಿತು. ವಿಲ್ಫ್ ತಲೆ ಕೆರೆದುಕೊಂಡ. ಮೂರನೆಯ ಸಲ, ಹಕ್ಕಿ ಇತ್ತ ತಿರುಗಿದ ಕೂಡಲೇ ಗುಂಡಿ ಒತ್ತಿ ಯಂತ್ರ ನಿಲ್ಲಿಸಿದ. ಅವು ರೆಕ್ಕೆ ಮಡಿಸಿ, ಹೆಡ್ಲಿ ಬಿಟ್ಟಿದ್ದ ಜಾಗಕ್ಕೆ, ಗಾಳಿಗೆದುರಾಗಿ, ನೇರ ಇಳಿದವು. ಅಲ್ಲಿಂದ ಮುಂದೆ ಹಾಗೇ ನಡೆಯಿತು. ವಿಲ್ಫ್ ದೂರದಿಂದ ಕರೆಯುವುದು, ನಿಲ್ಲಿಸುವುದು; ಹೆಡ್ಲಿ ಹೊಡೆಯುವುದು. ಬಂದ ಹಕ್ಕಿಗಳಲ್ಲಿ ಕಾಲು ಭಾಗ ಆಗಲೂ ಓಡಿಹೋದವು. ಬೆಳಕಿರುವಾಗಲೇ ಎದ್ದಾಗ ನಲವತ್ತೊಂದು ಬಿದ್ದಿದ್ದವು.

"ನಿಲ್ಸಿದಾಗ ತಾನೇ ಹಕ್ಕಿ ಇಳಿದಿದ್ದು," ಅಂದ ಹೆಡ್ಲಿ, ಹಕ್ಕಿ ಆರಿಸುತ್ತ. "ಅಂದ್ರೆ ನಿಂತಿದ್ರೇನೇ ಅದು ಒಳ್ಳೇದು. ನಿಲ್ಸೋದಕ್ಕೆ ಅಂತ ಯಾರಾದ್ರೂ ಯಂತ್ರ ತರ್ತಾರಾ?"

"ತಿರುಗಿದ್ದಕ್ಕೇ ಅಲ್ವೇನೋ ಅವು ಈ ಕಡೆ ನೋಡಿದ್ದು?"

"ನಾನ್ ಜಾಗ ನೋಡಿ ಕೂರಿಸ್ದೆ ಇದ್ದಿದ್ರೆ ನೋಡಿ ಏನ್ ಮಾಡ್ತಿದ್ವು? ನಿನ್ನ ಯಂತ್ರ ತಗೊಂಡೋಗಿ ಚರ್ಚಿನ ಅಂಗಳದಲ್ಲಿ ಇಡು, ಎಷ್ಟು ಬರ್ತವೆ ನೋಡೋಣ."

ಮರೆಯ ಬಲೆ ಸುತ್ತುತ್ತಿದ್ದ ನನಗೆ ಆ ವಾದ ಕೇಳಲು ಎಷ್ಟು ಹಿತವಾಗಿತ್ತೆಂದರೆ, ಇಬ್ಬರಲ್ಲಿ ಯಾರು ಸರಿ ಅಂತ ನಾನು ಯೋಚಿಸಲೇ ಇಲ್ಲ. ಇವತ್ತಿಗೂ ಯೋಚಿಸಿಲ್ಲ.

ಶನಿವಾರ ಹತ್ತಕ್ಕೆ ಗಾಡಿ ಬಂತು. ಮನೆ ಮಾರಿಯಾಗಿತ್ತು, ವಿಲ್ಫ್ ಹೋಗಲೇಬೇಕಿತ್ತು. ಹೋಗುವ ಮೊದಲು ಯಂತ್ರದ ಟೇಪು ಎರಡನ್ನೂ ಕಿತ್ತು, ಪ್ಲಸ್ಸಿನ ಕ್ಲಿಪ್ಪಿಗೆ ಹುಲ್ಲು ಕಟ್ಟುವ ಹುರಿಯಿಂದ ದಪ್ಪಗೆ ಒಂದು ಗಂಟು ಹಾಕಿದ. ಅರ್ಧ ಗಂಟೆ ಹಿಡಿಯಿತು, ಹೆಡ್ಲಿ ಸಹಾಯಕ್ಕೆ ಕೈ ಚಾಚಿದರೆ ಮೊಣಕೈಯಿಂದ ತಳ್ಳಿದ. "ಗಂಟು ಪ್ಲಸ್ಸಿಗೆ," ಅಂತ ಅವನ ಬೆರಳನ್ನು ಅದರ ಮೇಲೆ ಒತ್ತಿ ಹೇಳಿದ. ಗಾಡಿ ತಿರುವು ದಾಟುವವರೆಗೂ ಹೆಡ್ಲಿ ಬೀದಿಯಲ್ಲೇ ನಿಂತಿದ್ದ. ಪರದೆಯ ಹಿಂದೆ ಅಲ್ಲ.

ಮೇಬಲ್‌ಥಾರ್ಪ್‌ನಿಂದ ನಮ್ಮೂರಿಗೆ ಬುಧವಾರ ಒಂದು ಬಸ್ಸಿದೆ. ಹನ್ನೆರಡಕ್ಕೆ ಬರುತ್ತದೆ, ಐದಕ್ಕೆ ವಾಪಸು. ಈಗ ನನ್ನ ಪಬ್ಬಿನಲ್ಲಿ ಮಂಗಳವಾರವೂ ಖಾಲಿ, ಗುರುವಾರವೂ ಖಾಲಿ. ಬುಧವಾರ ಮಾತ್ರ ಕಿಟಕಿಯ ಮೇಜಿನಿಂದ ಬೇರೆ ಗಿರಾಕಿಗಳು ದೂರ ಕೂರುತ್ತಾರೆ, ಗಲಾಟೆ ತಡೆಯಲಾಗದೆ. ಗಾಳಿ ಜೋರಿದ್ದ ದಿನ ತಿರುಗುವ ದೀಮ ಬೇಕೋ ಬೇಡವೋ, ವಾರಕ್ಕೆ ಎರಡು ಸಲ ಅದೇ ಹೊಲದಲ್ಲಿಟ್ಟರೆ ಹಕ್ಕಿ ಕಲಿತುಬಿಡುತ್ತವೋ ಇಲ್ಲವೋ, ನಿಧಾನಕ್ಕೆ ತಿರುಗಿದರೆ ಹೇಗೆ, ಇದೇ ಮಾತು.

ಹೋದ ವಾರವೂ ಹಾಗೇ ನಡೆದಿತ್ತು. ನಾನು ಸಾಸೇಜಿನ ತಟ್ಟೆಗಳನ್ನಿಟ್ಟೆ. ಹೆಡ್ಲಿ ವಾದ ಮಾಡುತ್ತಲೇ ಬಾಟಲಿಗೆ ಕೈ ಹಾಕಿದ. ವಿಲ್ಫ್ ಅವನ ಕಡೆ ನೋಡಲೂ ಇಲ್ಲ, ತನ್ನ ಮಾತನ್ನು ನಿಲ್ಲಿಸಲೂ ಇಲ್ಲ. ನಡುಗುವ ಕೈಯಿಂದ ಕೆಂಪು ಬಾಟಲಿಯನ್ನು ಪಕ್ಕಕ್ಕೆ ಸರಿಸಿ, ಕಂದು ಬಾಟಲಿಯನ್ನು ಎತ್ತಿ ಅವನ ಕೈಗಿಟ್ಟ.